ಪುಕ್ಕಟೆ ಸಾಫ್ಟ್‌ವೇರ್ ಅಂದರೆ ಕದ್ದ ಮಾಲೇ?

‘ಶಾಲೆಯ ಕಂಪ್ಯೂಟರಿಗೆ ಪುಕ್ಕಟೆ ಸಾಫ್ಟ್‌ವೇರ್ ಹಾಕಿದರೆ ವೈರಸ್ ಬರುತ್ತದೆ, ಕೇಸೂ ಬೀಳುತ್ತದೆ’ ಎಂಬ ಮಾತನ್ನು ನೀವೂ ಕೇಳಿರಬಹುದು, ಇನ್ನೊಬ್ಬರಿಗೆ ಫಾರ್ವರ್ಡ್ ಕೂಡ ಮಾಡಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಹಣ ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರಿನ ‘ಕ್ರ್ಯಾಕ್’ ಪ್ರತಿಗಳ ವಿಷಯದಲ್ಲಿ ಈ ಎಚ್ಚರಿಕೆ ಸರಿಯೇ. ಓಪನ್ ಸೋರ್ಸ್, ಅಂದರೆ ಮುಕ್ತ ತಂತ್ರಾಂಶದ ಕಥೆಯೇ ಬೇರೆ. ಉಬುಂಟು, ಲಿಬ್ರೆ ಆಫೀಸ್‌ಗಳ ಲೈಸೆನ್ಸೇ ‘ಬಳಸಿ, ನಕಲು ಮಾಡಿ, ತಿದ್ದಿ, ಹಂಚಿ’ ಎಂದು ಅನುಮತಿ ಕೊಡುತ್ತದೆ. ಒಂದೇ ಪೆನ್‌ಡ್ರೈವ್‌ನಿಂದ ಅರಸೀಕೆರೆಯ ನೂರು ಕಂಪ್ಯೂಟರಿಗೆ ಹಾಕಿದರೂ ಅದು ಕಳ್ಳತನವಲ್ಲ.

ಹಾಗೆಂದು ‘ಲಿನಕ್ಸ್‌ಗೆ ವೈರಸ್ ಬರುವುದೇ ಇಲ್ಲ’ ಎಂಬ ಫಾರ್ವರ್ಡನ್ನೂ ನಂಬಬೇಡಿ. ಕಾಟ ಕಡಿಮೆ, ಅಷ್ಟೇ. ಏನೇ ಇಳಿಸಿಕೊಂಡರೂ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ವರ್ಷಗಳಿಂದ ಕಂಪ್ಯೂಟರ್ ಕಲಿಯುತ್ತಿರುವುದು ಮುಕ್ತ ತಂತ್ರಾಂಶದಲ್ಲೇ. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿ, ಮುಂದೆ ಶಾಲೆಗಳನ್ನು ಲಿನಕ್ಸ್‌ಗೆ ತಂದಿತು. ಅಲ್ಲಿನ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ನಮ್ಮಲ್ಲಿ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣದಲ್ಲಿ ಶಿಕ್ಷಕರೇ ಬರೆದ ಪಾಠಗಳಿವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ವಿಡಿಯೋಗಳು ಕನ್ನಡದಲ್ಲೂ ಸಿಗುತ್ತವೆ.

ಆದರೂ ನಮ್ಮ ಮಟ್ಟಿಗೆ, ಊರಿನದೇ ಪಾಠ ಮಕ್ಕಳಿಗೆ ಹೆಚ್ಚು ಹತ್ತುತ್ತದೆ. ಅರಸೀಕೆರೆಯ ಈಶ್ವರ ದೇವಾಲಯ 1220ರದು. ಅದರ ಮುಂದಿನ ಮಂಟಪದ ತಳವಿನ್ಯಾಸ 16 ಮೂಲೆಗಳ ನಕ್ಷತ್ರ. ಇದನ್ನು ಲಿಬ್ರೆ ಆಫೀಸ್ ಡ್ರಾದಲ್ಲಿ ಐದೇ ನಿಮಿಷದಲ್ಲಿ ಬರೆಯಬಹುದು. ಶಿಫ್ಟ್ ಕೀ ಒತ್ತಿ ಹಿಡಿದು ಒಂದು ಚೌಕ ಎಳೆಯಿರಿ. ಎಡಿಟ್ ಮೆನುವಿನಲ್ಲಿ ಡುಪ್ಲಿಕೇಟ್ ಆರಿಸಿ, ಪ್ರತಿಗಳು 3 ಎಂದು ಕೊಡಿ; ಆಮೇಲೆ ಒಂದೊಂದು ಪ್ರತಿಯನ್ನೂ ಹಿಂದಿನದಕ್ಕಿಂತ 22.5 ಡಿಗ್ರಿ ಹೆಚ್ಚು ತಿರುಗಿಸಿ. ಡುಪ್ಲಿಕೇಟ್ ಮಾಡುವಾಗ ಎಕ್ಸ್, ವೈ ಎರಡನ್ನೂ ಸೊನ್ನೆ ಮಾಡಲು ಮರೆಯಬೇಡಿ. ಮರೆತರೆ ಚೌಕಗಳು ಪಕ್ಕಕ್ಕೆ ಜಾರಿ ನಕ್ಷತ್ರ ಕೆಡುತ್ತದೆ. ನಾಲ್ಕು ಚೌಕ, ಒಂದೊಂದಕ್ಕೆ ನಾಲ್ಕು ಮೂಲೆ, ಒಟ್ಟು 16. 90 ಡಿಗ್ರಿಯನ್ನು ನಾಲ್ಕರಿಂದ ಭಾಗಿಸಿದರೆ 22.5 ಬರುತ್ತದೆಂದು ಮಕ್ಕಳೇ ಕಂಡುಕೊಂಡರೆ ಗಣಿತವೂ ಆಯಿತು. ಬೇಲೂರು, ಹಳೇಬೀಡಿನ ಮಕ್ಕಳು ತಮ್ಮೂರ ಗುಡಿಯ ಜಗತಿಯ ಮೂಲೆಗಳನ್ನು ಎಣಿಸಿ ಬಂದು ಇದನ್ನೇ ಮುಂದುವರಿಸಬಹುದು.

ಹಾಗಾದರೆ ಖರ್ಚೇ ಇಲ್ಲವೇ? ಇದೆ. ಯುಪಿಎಸ್ ಬ್ಯಾಟರಿ, ಜೆರಾಕ್ಸ್, ಎಲ್ಲಕ್ಕಿಂತ ಹೆಚ್ಚಾಗಿ ಮೇಷ್ಟ್ರ ಸಮಯ. ಉಳಿಯುವುದು ಲೈಸೆನ್ಸ್ ಹಣ ಮಾತ್ರ.

ಇನ್ನೊಂದು ವಿಷಯ. ತಂತ್ರಾಂಶ ಮುಕ್ತವಾಗಿದ್ದ ಮಾತ್ರಕ್ಕೆ ಗೂಗಲ್‌ನಲ್ಲಿ ಸಿಕ್ಕ ಫೋಟೋ ಮುಕ್ತವಾಗುವುದಿಲ್ಲ. ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದುಕೊಂಡರೆ ಫೋಟೋ ತೆಗೆದವರ ಹೆಸರು, ಲೈಸೆನ್ಸ್ ಎರಡನ್ನೂ ಕೆಳಗೆ ಹಾಕಿ. ಇಲ್ಲವೇ ಗುಡಿ ಊರಲ್ಲೇ ಇದೆಯಲ್ಲ, ನಿಮ್ಮ ಮೊಬೈಲ್‌ನಲ್ಲೇ ತೆಗೆಯಿರಿ.