ಕೆರೆಯೊಳಗಿನ ಕಳೆಯನ್ನೆಲ್ಲ ಕೀಳಬೇಡಿ

ಗುತ್ತಲದ ಸುತ್ತ ಎರಿ ಹೊಲಗಳೇ ಹೆಚ್ಚು. ದೊಡ್ಡ ಮಳೆ ಬಿದ್ದಾಗ ಹಳ್ಳಗಳು ಕರಿಮಣ್ಣನ್ನೂ ಗೋವಿನಜೋಳಕ್ಕೆ ಹಾಕಿದ ಗೊಬ್ಬರವನ್ನೂ ಹೊತ್ತು ಕೆರೆ ಸೇರುತ್ತವೆ. ಎರಿಮಣ್ಣಿನ ಕಣ ಬಹಳ ನಯ, ಬೇಗ ತಳಕ್ಕಿಳಿಯುವುದಿಲ್ಲ. ಇಂಥ ಕೆರೆಯ ನೀರು ತಿಳಿಯಾಗುವುದೋ ಕದಡಿಯೇ ಉಳಿಯುವುದೋ ಎಂಬುದರಲ್ಲಿ ನೀರೊಳಗೆ ಮುಳುಗಿ ಬೆಳೆಯುವ ಗಿಡಗಳ ಪಾಲು ದೊಡ್ಡದು.

ಅವುಗಳಲ್ಲಿ ಹೈಡ್ರಿಲ್ಲಾ ಓದಿದವರಿಗೆಲ್ಲ ಪರಿಚಿತ. ಶಾಲೆಯಲ್ಲಿ ಬೀಕರಿನ ನೀರಿಗೆ ಚಿಟಿಕೆ ಸೋಡಾ ಹಾಕಿ, ಆಲಿಕೆ ಕವುಚಿ, ಪ್ರನಾಳದಲ್ಲಿ ಗುಳ್ಳೆ ಹಿಡಿಯುವುದು ಇದೇ ಗಿಡದಿಂದ. ಇದರ ಎಲೆ ಬಹುಪಾಲು ಎರಡು ಜೀವಕೋಶಗಳಷ್ಟೇ ದಪ್ಪ, ಪತ್ರರಂಧ್ರಗಳಿಲ್ಲ. ಕರಗಿದ ಇಂಗಾಲದ ಡೈಆಕ್ಸೈಡನ್ನೂ ಬೈಕಾರ್ಬೊನೇಟನ್ನೂ ಎಲೆಯ ಮೈಯಿಂದಲೇ ಹೀರಿಕೊಂಡು, ಬಿಸಿಲಿರುವಷ್ಟು ಹೊತ್ತು ಆಮ್ಲಜನಕವನ್ನು ನೀರಿಗೇ ಬಿಡುತ್ತದೆ.

ಕತ್ತಲಾದ ಮೇಲೆ ಲೆಕ್ಕ ತಿರುಗುತ್ತದೆ. ಗಿಡ, ಮೀನು, ಕೆಸರಿನ ಬ್ಯಾಕ್ಟೀರಿಯಾ ಎಲ್ಲವೂ ಅದೇ ಆಮ್ಲಜನಕವನ್ನು ಉಸಿರಾಡುತ್ತವೆ. ಹಾಗಾಗಿ ನಸುಕಿನಲ್ಲಿ ಅದು ತೀರ ಕಡಿಮೆ. ಕಾಟ್ಲಾ, ರೋಹು ಚೆನ್ನಾಗಿ ಬೆಳೆಯಲು ಲೀಟರ್ ನೀರಿನಲ್ಲಿ ಸುಮಾರು 5 ಮಿಲಿಗ್ರಾಂ ಆಮ್ಲಜನಕವಿರಬೇಕು. ಹೊತ್ತು ಮೂಡುವ ಮುಂಚೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಕೊರತೆಯಿದೆ ಎಂದೇ ಅರ್ಥ. ಕಳೆ ಕೆರೆ ತುಂಬ ಹಬ್ಬಿದರೂ ಹೀಗಾಗುತ್ತದೆ. ಹಾಗಾಗಿ ಕಳೆಯ ಬಗ್ಗೆ ಮೀನುಗಾರರು ಹೇಳುವ ದೂರು ಸುಳ್ಳಲ್ಲ.

ಆದರೆ ಆಮ್ಲಜನಕಕ್ಕಿಂತ ದೊಡ್ಡ ಉಪಕಾರ ಬೇರೆಯದು. ದಟ್ಟ ಗಿಡಗಳ ನಡುವೆ ನೀರಿನ ಓಟ ನಿಧಾನವಾಗಿ ಮಣ್ಣು ತಳಕ್ಕೆ ಕೂರುತ್ತದೆ. ಗಾಳಿ ಬೀಸಿದರೂ ಬೇರು ಅದನ್ನು ಮೇಲೇಳಲು ಬಿಡುವುದಿಲ್ಲ. ಗೊಬ್ಬರದ ಸಾರಜನಕ, ರಂಜಕವನ್ನು ಗಿಡವೂ ಅದರ ಎಲೆಗೆ ಅಂಟಿದ ಪಾಚಿಯೂ ಹೀರುತ್ತವೆ. ಡ್ಯಾಫ್ನಿಯಾದಂಥ ಸಣ್ಣ ಜೀವಿಗಳು ಹಗಲು ಮೀನುಗಳ ಕಣ್ಣು ತಪ್ಪಿಸಿ ಇಲ್ಲಿ ಅಡಗಿದ್ದು, ರಾತ್ರಿ ಹೊರಬಂದು ತೇಲುವ ಸೂಕ್ಷ್ಮ ಪಾಚಿಯನ್ನು ತಿನ್ನುತ್ತವೆ. ನೀರು ತಿಳಿಯಾಗುತ್ತದೆ, ಬಿಸಿಲು ತಳ ಮುಟ್ಟುತ್ತದೆ, ಗಿಡ ಇನ್ನಷ್ಟು ಬೆಳೆಯುತ್ತದೆ.

ಗೊಬ್ಬರ ಮಿತಿಮೀರಿದರೆ ಇದೇ ಸರಪಳಿ ಹಿಂದುಮುಂದಾಗುತ್ತದೆ. ನೀರು ಹಸಿರುಗಟ್ಟಿ, ಬೆಳಕಿಲ್ಲದೆ ಗಿಡ ಸತ್ತು, ಕೆಸರು ಮೇಲೇಳುತ್ತದೆ. ನೆದರ್ಲೆಂಡ್ಸ್‌ನ ವಿಜ್ಞಾನಿ ಮಾರ್ಟೆನ್ ಶೆಫರ್ ಮತ್ತು ಜೊತೆಗಾರರು 1993ರಲ್ಲಿ ಬರೆದಂತೆ, ಆಳವಿಲ್ಲದ ಕೆರೆ ಒಮ್ಮೆ ಕದಡಿದ ಸ್ಥಿತಿಗೆ ಜಾರಿದರೆ ಗೊಬ್ಬರ ಸ್ವಲ್ಪ ತಗ್ಗಿದ ಮಾತ್ರಕ್ಕೆ ಹಿಂದಿರುಗುವುದಿಲ್ಲ. ಕೆಸರು ಕೆದಕುವ ಸಾಮಾನ್ಯ ಗೆಂಡೆಯನ್ನೂ ಕಳೆಯನ್ನೇ ಮೇಯುವ ಹುಲ್ಲುಗೆಂಡೆಯನ್ನೂ ಲೆಕ್ಕವಿಲ್ಲದೆ ಬಿಟ್ಟರೆ ಈ ಜಾರುವಿಕೆಗೆ ನಾವೇ ಕೈಜೋಡಿಸಿದಂತೆ.

ಅಂತರಗಂಗೆಯ ಮಾತು ಬೇರೆ. ಅದು ಮೇಲೆ ತೇಲಿ ಬೆಳಕನ್ನೇ ಮುಚ್ಚುತ್ತದೆ, ಪೂರ್ತಿ ತೆಗೆಯಿರಿ. ಫ್ಲಾರಿಡಾದಲ್ಲಿ ಹೈಡ್ರಿಲ್ಲಾವೂ ಖಳನಾಯಕನೇ, ಆದರೆ ಅಲ್ಲಿಗೆ ಅದು 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಹೋದದ್ದು. ನಮ್ಮಲ್ಲಿ ಅದು ಈ ನೆಲದ್ದೇ ಗಿಡ. ಬೇಸಿಗೆಯಲ್ಲಿ ಕೆರೆ ಬತ್ತಿದರೂ ಅದರ ಸಣ್ಣ ಗೆಡ್ಡೆಗಳು ಹೂಳಿನಲ್ಲಿ ಜೀವ ಹಿಡಿದಿದ್ದು ನೀರು ಬಂದಾಗ ಚಿಗುರುತ್ತವೆ. ಜೆಸಿಬಿ ಇಡೀ ತಳವನ್ನು ಒಮ್ಮೆಲೇ ಕೆರೆದರೆ ಅವೂ ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗುತ್ತವೆ.

ಆದ್ದರಿಂದ ಹೂಳನ್ನು ಒಂದೊಂದು ವರ್ಷ ಒಂದೊಂದು ಭಾಗದಲ್ಲಿ ತೆಗೆಸಿ. ತೂಬು, ಮೆಟ್ಟಿಲು, ಬಲೆ ಬೀಸುವ ಜಾಗಗಳಲ್ಲಿ ಮಾತ್ರ ಕಳೆ ಕಿತ್ತು, ಅಂಚಿನುದ್ದಕ್ಕೂ ಉಳಿದದ್ದನ್ನು ಬಿಡಿ. ಕಿತ್ತದ್ದನ್ನು ನೀರಲ್ಲೇ ಕೊಳೆಯಲು ಬಿಡದೆ ತಿಪ್ಪೆಗೆ ಹಾಕಿ, ಒಳ್ಳೆಯ ಗೊಬ್ಬರವಾಗುತ್ತದೆ.