ಮೆಕ್ಸಿಕೋದ ಹಳೆಯ ಬೆಳ್ಳಿ ಒಡವೆಗಳು: ಸಂಗ್ರಹಕಾರರಿಗೊಂದು ವಿಜ್ಞಾನ ಪಾಠ

ಹಳೆಯ ಬೆಳ್ಳಿ ಒಡವೆಗೆ ಎರಡು ಬೆಲೆಗಳಿರುತ್ತವೆ. ಒಂದು ಅದರಲ್ಲಿರುವ ಬೆಳ್ಳಿಯ ತೂಕಕ್ಕೆ ಸಿಗುವ ಬೆಲೆ. ಇನ್ನೊಂದು ಅದನ್ನು ಮಾಡಿದ ಕುಶಲಕರ್ಮಿಯ ಕೈಚಳಕಕ್ಕೆ, ವಿನ್ಯಾಸಕ್ಕೆ, ಕಾಲಕ್ಕೆ ಸಲ್ಲುವ ಬೆಲೆ. ಎರಡನೆಯದನ್ನು ಗುರುತಿಸಲಾಗದವನು ಒಡವೆಯನ್ನು ಮೊದಲನೆಯದಕ್ಕೇ ಮಾರಿಬಿಡುತ್ತಾನೆ. ಆಗ ಅದು ಸೇರುವುದು ಕುಲುಮೆಯನ್ನು. 2025ರಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 50 ಡಾಲರನ್ನು ದಾಟಿತು. ಇಂಥ ಏರಿಕೆಯ ದಿನಗಳಲ್ಲಿ ಹಳೆಯ ಒಡವೆಗಳು ಕರಗಿಹೋಗುವ ಅಪಾಯ ಹೆಚ್ಚು. ಕರಗಿದ ಮೇಲೆ ಬೆಳ್ಳಿ ಉಳಿಯುತ್ತದೆ, ಒಡವೆ ಉಳಿಯುವುದಿಲ್ಲ.

ಮೆಕ್ಸಿಕೋದ ತಾಸ್ಕೊ ಪಟ್ಟಣದಲ್ಲಿ 1930ರಿಂದ 1970ರವರೆಗೆ ತಯಾರಾದ ಬೆಳ್ಳಿ ಒಡವೆಗಳನ್ನು ಇಂದು ಹಲವು ದೇಶಗಳ ಜನ ಸಂಗ್ರಹಿಸುತ್ತಾರೆ. ಒಂದು ಒಡವೆ ಕೈಗೆ ಬಂದಾಗ ಸಂಗ್ರಹಕಾರನ ಮುಂದೆ ಮೂರು ಪ್ರಶ್ನೆಗಳಿರುತ್ತವೆ. ಇದು ಯಾವ ಲೋಹ? ಯಾವಾಗ ಮಾಡಿದ್ದು? ಯಾರು ಮಾಡಿದ್ದು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ನಮ್ಮ ಪ್ರೌಢಶಾಲೆಯ ಭೌತ ಮತ್ತು ರಸಾಯನ ವಿಜ್ಞಾನದ ಪಾಠಗಳೇ ನೆರವಿಗೆ ಬರುತ್ತವೆ.

ಗಣಿಯಿಂದ ಕಾರ್ಯಾಗಾರಕ್ಕೆ

ಮೆಕ್ಸಿಕೋ ಇಂದಿಗೂ ವಿಶ್ವದಲ್ಲಿ ಅತಿ ಹೆಚ್ಚು ಬೆಳ್ಳಿ ತೆಗೆಯುವ ದೇಶ. ಅಲ್ಲಿನ ಗಣಿಗಾರಿಕೆಗೆ ದೊಡ್ಡ ತಿರುವು ದೊರೆತದ್ದು 1550ರ ದಶಕದಲ್ಲಿ. ಪಚೂಕಾ ಎಂಬಲ್ಲಿ ಬಾರ್ತೊಲೊಮೆ ದ ಮೆದೀನಾ ಎಂಬ ಸ್ಪೇನಿನ ವ್ಯಾಪಾರಿ ಪಾದರಸ ಬಳಸಿ ಬೆಳ್ಳಿಯನ್ನು ಬೇರ್ಪಡಿಸುವ ‘ಪಾತಿಯೊ’ ವಿಧಾನವನ್ನು ರೂಢಿಗೆ ತಂದ. ಪಾತಿಯೊ ಎಂದರೆ ಅಂಗಳ. ನುಣ್ಣಗೆ ಅರೆದ ಅದುರನ್ನು ಕಲ್ಲು ಹಾಸಿದ ಅಂಗಳದಲ್ಲಿ ಹರಡಿ, ಅದಕ್ಕೆ ಉಪ್ಪು, ಮೈಲುತುತ್ತ ಮತ್ತು ಪಾದರಸ ಬೆರೆಸಿ, ವಾರಗಟ್ಟಲೆ ತುಳಿಸಲಾಗುತ್ತಿತ್ತು. ಅದುರಿನ ಸಿಲ್ವರ್ ಸಲ್ಫೈಡ್ ಮೊದಲು ಸಿಲ್ವರ್ ಕ್ಲೋರೈಡ್ ಆಗಿ, ಅನಂತರ ಬೆಳ್ಳಿಯಾಗಿ ಪಾದರಸದೊಡನೆ ಬೆರೆಯುತ್ತಿತ್ತು. ಈ ಮಿಶ್ರಣವನ್ನು ಕಾಯಿಸಿದರೆ ಪಾದರಸ ಆವಿಯಾಗಿ ಬೆಳ್ಳಿ ಉಳಿಯುತ್ತಿತ್ತು. ವಿಷಕಾರಿ ಪಾದರಸದ ಆವಿಗೆ ದುಡಿಮೆಗಾರರು ತೆತ್ತ ಬೆಲೆಯೂ ಈ ಚರಿತ್ರೆಯ ಭಾಗವೇ. ಹೀಗೆ ತೆಗೆದ ಅಮೆರಿಕ ಖಂಡದ ಬೆಳ್ಳಿ ವ್ಯಾಪಾರದ ದಾರಿಯಲ್ಲಿ ಭಾರತದ ಬಂದರುಗಳಿಗೂ ಹರಿದುಬಂತು.

ತಾಸ್ಕೊ ಇರುವುದು ಗೆರೆರೊ ರಾಜ್ಯದ ಬೆಟ್ಟಗಳ ನಡುವೆ, ಮೆಕ್ಸಿಕೋ ನಗರದ ನೈಋತ್ಯಕ್ಕೆ. ಗಣಿಯಿಂದ ಶ್ರೀಮಂತನಾದ ಹೊಸೆ ದ ಲಾ ಬೋರ್ದಾ 1751ರಿಂದ 1758ರವರೆಗೆ ಕಟ್ಟಿಸಿದ ಸಾಂತಾ ಪ್ರಿಸ್ಕಾ ಚರ್ಚು ಇಂದಿಗೂ ಆ ಊರಿನ ಗುರುತು. ಆದರೆ ಗಣಿಯಿದ್ದ ಮಾತ್ರಕ್ಕೆ ಅದು ಒಡವೆಯ ಊರಾಗಿರಲಿಲ್ಲ. ಆ ಬದಲಾವಣೆಗೆ ಕಾರಣನಾದವನು ಅಮೆರಿಕದ ವಿಲಿಯಂ ಸ್ಪ್ರಾಟ್ಲಿಂಗ್. ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾನಿಲಯದಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಆತ 1929ರಲ್ಲಿ ತಾಸ್ಕೊಗೆ ಬಂದು ನೆಲೆಸಿದ. ಹತ್ತಿರದ ಇಗುವಾಲಾ ಪಟ್ಟಣದಿಂದ ಅಕ್ಕಸಾಲಿಗರನ್ನು ಕರೆಸಿ 1931ರಲ್ಲಿ ಕಾರ್ಯಾಗಾರ ತೆರೆದ. ಸ್ಪೇನಿನವರು ಬರುವ ಮೊದಲು ಆ ನಾಡಿನಲ್ಲಿದ್ದ ಶಿಲ್ಪ, ಮಣ್ಣಿನ ಮುದ್ರೆಗಳ ರೂಪಗಳನ್ನು ಬೆಳ್ಳಿಗೆ ತಂದ.

ಆ ಕಾರ್ಯಾಗಾರ ಒಂದು ಶಾಲೆಯೂ ಆಯಿತು. ಅಲ್ಲಿ ಪಳಗಿದವರು ಹೊರಬಂದು ತಮ್ಮದೇ ಕಾರ್ಯಾಗಾರಗಳನ್ನು ತೆರೆದರು. ಕಾಸ್ತಿಯೊ ಸಹೋದರರು ಮತ್ತು ಎಕ್ತೋರ್ ಆಗಿಲಾರ್ 1939ರಲ್ಲಿ, ಆಂತೋನಿಯೊ ಪಿನೇದಾ 1941ರಲ್ಲಿ ಸ್ವತಂತ್ರರಾದರು. ಎರಡನೆಯ ಮಹಾಯುದ್ಧದಿಂದ ಯೂರೋಪಿನ ಒಡವೆಗಳು ಅಮೆರಿಕಕ್ಕೆ ಬರುವುದು ನಿಂತಾಗ ತಾಸ್ಕೊದ ಬೆಳ್ಳಿಗೆ ಬೇಡಿಕೆ ಏರಿ, ನೂರಾರು ಜನರಿಗೆ ಕೆಲಸ ಸಿಕ್ಕಿತು. ಸ್ಪ್ರಾಟ್ಲಿಂಗ್‌ನ ಕಂಪನಿ ಮಾತ್ರ 1940ರ ದಶಕದ ಮಧ್ಯದಲ್ಲಿ ದಿವಾಳಿಯಾಯಿತು. ಆತ ಚಿಕ್ಕ ಪ್ರಮಾಣದಲ್ಲಿ ಮತ್ತೆ ಕೆಲಸ ಆರಂಭಿಸಿ, 1967ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಳ್ಳುವವರೆಗೂ ಮುಂದುವರಿಸಿದ.

ಅಂಕಿಗಳ ಅರ್ಥ

ಶುದ್ಧ ಬೆಳ್ಳಿ ಬಹಳ ಮೃದು. ಅದನ್ನು ಗಟ್ಟಿಗೊಳಿಸಲು ತಾಮ್ರ ಬೆರೆಸುತ್ತಾರೆ. ಒಡವೆಯ ಮೇಲೆ 925 ಎಂದು ಅಚ್ಚೊತ್ತಿದ್ದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ ಎಂದರ್ಥ. ಇದೇ ‘ಸ್ಟರ್ಲಿಂಗ್’. ತಾಸ್ಕೊದ ಹಳೆಯ ಒಡವೆಗಳಲ್ಲಿ ಬೇರೆ ಅಂಕಿಗಳೂ ಕಾಣುತ್ತವೆ. ಸ್ಪ್ರಾಟ್ಲಿಂಗ್‌ನ ಹಲವು ಒಡವೆಗಳಲ್ಲಿ 980, ಆಗಿಲಾರ್‌ನವುಗಳಲ್ಲಿ 940, ಪಿನೇದಾನವುಗಳಲ್ಲಿ 970 ಇರುತ್ತದೆ.

980ರ ಬೆಳ್ಳಿಗೆ ಒಂದು ಲಾಭವುಂಟು. ಬೆಸುಗೆಗಾಗಿ ಕಾಯಿಸುವಾಗ ಗಾಳಿಯ ಆಕ್ಸಿಜನ್ ಬಿಸಿ ಬೆಳ್ಳಿಯೊಳಕ್ಕೆ ಇಳಿದು ಮೇಲ್ಮೈಯ ಕೆಳಗಿರುವ ತಾಮ್ರವನ್ನು ಆಕ್ಸೈಡ್ ಆಗಿಸುತ್ತದೆ. ಇದರಿಂದ ನೇರಳೆ ಮಿಶ್ರಿತ ಬೂದು ಕಲೆಗಳು ಮೂಡುತ್ತವೆ. ತಾಮ್ರ ಕಡಿಮೆಯಿದ್ದಷ್ಟೂ ಈ ಕಲೆ ಕಡಿಮೆ, ಬಿಳುಪು ಹೆಚ್ಚು. ನಷ್ಟವೆಂದರೆ ಲೋಹ ಮೃದುವಾಗಿ ಸುಲಭವಾಗಿ ಬಾಗುತ್ತದೆ. ಆದ್ದರಿಂದ ತಗಡು ದಪ್ಪವಾಗಿರಬೇಕಾಗುತ್ತದೆ.

ಇನ್ನೊಂದು ಪದವನ್ನು ಸಂಗ್ರಹಕಾರರು ತಪ್ಪದೆ ತಿಳಿದಿರಬೇಕು, ಅದು ‘ಅಲ್ಪಾಕಾ’. ಇದು ಪ್ರಾಣಿಯ ಹೆಸರೂ ಹೌದು. ಆದರೆ ಮೆಕ್ಸಿಕೋದ ಒಡವೆಯ ಮೇಲೆ ಈ ಪದವಿದ್ದರೆ ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಲೋಹ. ನಮ್ಮ ಪಾತ್ರೆ ಅಂಗಡಿಗಳಲ್ಲಿ ಇದನ್ನೇ ‘ಜರ್ಮನ್ ಸಿಲ್ವರ್’ ಎನ್ನುತ್ತಾರೆ. ಇದರಲ್ಲಿ ಬೆಳ್ಳಿ ಕಿಂಚಿತ್ತೂ ಇಲ್ಲ.

ಆರ್ಕಿಮಿಡೀಸನ ನೆರವು

ಒಡವೆಗೆ ಗಾಯ ಮಾಡದೆ ಲೋಹವನ್ನು ಪರೀಕ್ಷಿಸುವ ಸುಲಭ ಉಪಾಯ ಸಾಂದ್ರತೆಯ ಅಳತೆ. ಇದನ್ನು ತರಗತಿಯಲ್ಲೇ ಮಾಡಬಹುದು. ಬೇಕಾದವು ಡಿಜಿಟಲ್ ತಕ್ಕಡಿ, ಬೀಕರ್, ನೀರು ಮತ್ತು ದಾರ.

ಹರಳುಗಳಿಲ್ಲದ, ಒಳಗೆ ಟೊಳ್ಳಿಲ್ಲದ ಒಂದು ಬಳೆಯನ್ನು ಮೊದಲು ತೂಗಿ. ಅದು 51.8 ಗ್ರಾಂ ಇದೆಯೆನ್ನೋಣ. ಈಗ ನೀರಿರುವ ಬೀಕರನ್ನು ತಕ್ಕಡಿಯ ಮೇಲಿಟ್ಟು ಓದಿಕೆಯನ್ನು ಸೊನ್ನೆಗೆ ತನ್ನಿ. ಬಳೆಯನ್ನು ದಾರದಿಂದ ಇಳಿಬಿಟ್ಟು, ಬೀಕರಿನ ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ. ಬಳೆಗೆ ಅಂಟಿದ ಗಾಳಿಗುಳ್ಳೆಗಳನ್ನು ತೆಗೆಯಿರಿ. ತಕ್ಕಡಿ ಈಗ ತೋರಿಸುವುದು ಸ್ಥಾನಪಲ್ಲಟಗೊಂಡ ನೀರಿನ ತೂಕ. ನೀರಿನ ಸಾಂದ್ರತೆ ಸುಮಾರು 1 ಆದ್ದರಿಂದ ಅದೇ ಬಳೆಯ ಗಾತ್ರ. ಓದಿಕೆ 5.0 ಗ್ರಾಂ ಬಂದರೆ ಸಾಂದ್ರತೆ 51.8ನ್ನು 5.0ರಿಂದ ಭಾಗಿಸಿದಾಗ ಬರುವ 10.36. ಇದು 925ರ ಬೆಳ್ಳಿಯ ಸಾಂದ್ರತೆ. ಅದೇ ತೂಕದ ಅಲ್ಪಾಕಾ ಬಳೆಯಾಗಿದ್ದರೆ, ಅದರ ಸಾಂದ್ರತೆ ಸುಮಾರು 8.7 ಆದ್ದರಿಂದ, ಓದಿಕೆ 6.0 ಗ್ರಾಂ ಹತ್ತಿರ ಬರುತ್ತಿತ್ತು. ಬೆಳ್ಳಿಯ ಲೇಪ ಕೊಟ್ಟ ತಾಮ್ರದ ಬಳೆ 5.8 ಗ್ರಾಂ ತೋರಿಸುತ್ತಿತ್ತು.

ಹಾಗಾದರೆ ಇದೇ ತಕ್ಕಡಿಯಿಂದ 925 ಮತ್ತು 980ರ ವ್ಯತ್ಯಾಸ ಕಂಡುಹಿಡಿಯಬಹುದೆ? ಲೆಕ್ಕ ಹಾಕಿ ನೋಡಿ. 980ರ ಸಾಂದ್ರತೆ ಸುಮಾರು 10.45. ನಮ್ಮ ಬಳೆಗೆ ಓದಿಕೆ 4.96 ಗ್ರಾಂ ಬರಬೇಕು. ವ್ಯತ್ಯಾಸ ಕೇವಲ 0.04 ಗ್ರಾಂ. ತಕ್ಕಡಿಯಲ್ಲಿ 0.1 ಗ್ರಾಂ ತಪ್ಪು ಸಾಧ್ಯವಿದ್ದರೆ ಉತ್ತರ 10.16ರಿಂದ 10.57ರ ನಡುವೆ ಎಲ್ಲಿಯಾದರೂ ಇರಬಹುದು. ಅಂದರೆ ಈ ಪ್ರಯೋಗ ‘ಇದು ಅಲ್ಪಾಕಾ ಅಲ್ಲ’ ಎಂದು ಹೇಳಬಲ್ಲದು, ‘ಇದು 980’ ಎಂದು ಹೇಳಲಾರದು. ಯಾವ ಉಪಕರಣ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು ಎಂಬ ತಿಳಿವಳಿಕೆ ವಿದ್ಯಾರ್ಥಿಗಳಿಗೆ ಉತ್ತರಕ್ಕಿಂತಲೂ ಮುಖ್ಯ.

ಉಷ್ಣವಾಹಕತೆಯಿಂದಲೂ ಒಂದು ಸುಳಿವು ಸಿಗುತ್ತದೆ. ಬೆಳ್ಳಿ ಲೋಹಗಳಲ್ಲೆಲ್ಲ ಉತ್ತಮ ಉಷ್ಣವಾಹಕ. ಅಲ್ಪಾಕಾದ ಉಷ್ಣವಾಹಕತೆ ಅದರ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಎರಡರ ಒಂದೇ ಅಳತೆಯ ಚಮಚಗಳನ್ನು ಬಿಸಿನೀರಿನಲ್ಲಿಟ್ಟು ತುದಿ ಹಿಡಿದರೆ ಬೆಳ್ಳಿಯದು ಬೇಗ ಕೈ ಸುಡುತ್ತದೆ. ಅಯಸ್ಕಾಂತದ ಪರೀಕ್ಷೆಯನ್ನು ಮಾತ್ರ ಹೆಚ್ಚು ನಂಬಬಾರದು. ಬೆಳ್ಳಿಯಂತೆ ತಾಮ್ರ, ಹಿತ್ತಾಳೆ, ಅಲ್ಪಾಕಾಗಳೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಒರೆಗಲ್ಲು ಮತ್ತು ಕ್ಷ-ಕಿರಣ

ಅಕ್ಕಸಾಲಿಗರು ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆಮ್ಲದ ಹನಿ ಹಾಕಿ ನೋಡುತ್ತಾರೆ. ನೈಟ್ರಿಕ್ ಆಮ್ಲದಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಕರಗಿಸಿದ ದ್ರಾವಣ ಬೆಳ್ಳಿಯ ಮೇಲೆ ಬಿದ್ದಾಗ ಕೆಂಪು ಬಣ್ಣ ಮೂಡುತ್ತದೆ. ಆಮ್ಲವೂ ಕ್ರೋಮಿಯಂ ಸಂಯುಕ್ತವೂ ಅಪಾಯಕಾರಿಯಾದ್ದರಿಂದ ಇದನ್ನು ಶಾಲೆಯಲ್ಲಿ ಮಾಡಬಾರದು. ಒಡವೆಯೂ ಸ್ವಲ್ಪ ಸವೆಯುತ್ತದೆ.

ಇಂದು ಪರೀಕ್ಷಾ ಕೇಂದ್ರಗಳಲ್ಲಿ ಕ್ಷ-ಕಿರಣ ಪ್ರತಿದೀಪ್ತಿ ಯಂತ್ರಗಳಿವೆ. ಕ್ಷ-ಕಿರಣ ಬಿದ್ದಾಗ ಪ್ರತಿಯೊಂದು ಧಾತುವೂ ತನ್ನದೇ ಶಕ್ತಿಯ ಕಿರಣಗಳನ್ನು ಹೊರಸೂಸುತ್ತದೆ. ಅದರಿಂದ ಬೆಳ್ಳಿ, ತಾಮ್ರ, ನಿಕ್ಕಲ್ ಎಷ್ಟೆಷ್ಟು ಇವೆಯೆಂದು ಕೆಲವೇ ಕ್ಷಣಗಳಲ್ಲಿ ತಿಳಿಯುತ್ತದೆ. ಆದರೆ ಇದು ನೋಡುವುದು ಮೇಲ್ಮೈಯ ತೆಳು ಪದರವನ್ನು ಮಾತ್ರ. ಒಡವೆಯನ್ನು ಕಾಯಿಸಿ ಆಮ್ಲದಲ್ಲಿ ಅದ್ದಿ ಶುಚಿಗೊಳಿಸುವಾಗ ಮೇಲ್ಮೈಯ ತಾಮ್ರ ಕರಗಿಹೋಗಿ, ಹೊರಪದರದಲ್ಲಿ ಬೆಳ್ಳಿಯ ಪ್ರಮಾಣ ಹೆಚ್ಚುತ್ತದೆ. ಆಗ ಯಂತ್ರ ನಿಜಕ್ಕಿಂತ ಹೆಚ್ಚಿನ ಅಂಕಿ ತೋರಿಸಬಹುದು. ಆದ್ದರಿಂದಲೇ ಜಾಣರು ಒಂದೇ ಪರೀಕ್ಷೆಯನ್ನು ನಂಬದೆ ಸಾಂದ್ರತೆಯನ್ನೂ ನೋಡುತ್ತಾರೆ.

ಹದ್ದಿನ ಮುದ್ರೆ ಹೇಳುವ ಕಾಲ

ಎರಡನೆಯ ಪ್ರಶ್ನೆ ಕಾಲದ್ದು. ಇದಕ್ಕೆ ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಸಾಕು. ಸುಮಾರು 1948ರಿಂದ ಮೆಕ್ಸಿಕೋ ಸರ್ಕಾರ ಬೆಳ್ಳಿಯ ಒಡವೆಗಳಿಗೆ ಹದ್ದಿನ ಮುದ್ರೆಯನ್ನು ಜಾರಿಗೆ ತಂದಿತು. ಹದ್ದಿನ ಚಿತ್ರದೊಳಗೆ ಒಂದು ಸಂಖ್ಯೆ ಇರುತ್ತದೆ. 1980ರ ಹೊತ್ತಿಗೆ ಅದರ ಬದಲು ಅಕ್ಷರ ಮತ್ತು ಸಂಖ್ಯೆಗಳ ನೋಂದಣಿ ಗುರುತು ಬಂತು. ಅದರಲ್ಲಿ ಮೊದಲ ಅಕ್ಷರ ಊರಿನದು, ಎರಡನೆಯದು ತಯಾರಕನ ಹೆಸರಿನದು.

ಇಲ್ಲಿ ತರ್ಕವನ್ನು ಎಚ್ಚರದಿಂದ ಬಳಸಬೇಕು. ಹದ್ದಿನ ಮುದ್ರೆಯಿರುವ ಬ್ರೋಚನ್ನು ‘1935ರದು’ ಎಂದು ಯಾರಾದರೂ ಮಾರಿದರೆ ಅದು ನಿಜವಾಗಿರಲಾರದು. ನೋಂದಣಿ ಅಕ್ಷರಗಳಿದ್ದರೆ ಅದು 1950ರ ಒಡವೆಯಲ್ಲ. ಆದರೆ ಮುದ್ರೆ ಇಲ್ಲವೆಂದ ಮಾತ್ರಕ್ಕೆ ಒಡವೆ 1948ಕ್ಕಿಂತ ಹಳೆಯದೆಂದು ತೀರ್ಮಾನಿಸುವಂತಿಲ್ಲ. ಮುದ್ರೆ ಬಿಟ್ಟುಹೋಗಿರಬಹುದು, ಸವೆದಿರಬಹುದು. ಮುದ್ರೆಯ ಇರುವಿಕೆ ಸಾಕ್ಷ್ಯ, ಇಲ್ಲದಿರುವಿಕೆ ಸಾಕ್ಷ್ಯವಲ್ಲ.

ಮೂರನೆಯ ಪ್ರಶ್ನೆಯಾದ ‘ಯಾರು’ ಎಂಬುದೇ ಅತ್ಯಂತ ಕಷ್ಟದ್ದು. ಸ್ಪ್ರಾಟ್ಲಿಂಗ್‌ನ ಮುದ್ರೆಯನ್ನು ನಕಲು ಮಾಡಿದವರಿದ್ದಾರೆ. ಇನ್ನೊಂದೆಡೆ, ಆತನ ಸಾವಿನ ನಂತರವೂ ಆತನ ವಿನ್ಯಾಸಗಳ ತಯಾರಿಕೆ ನ್ಯಾಯವಾಗಿಯೇ ಮುಂದುವರಿಯಿತು. ಆದ್ದರಿಂದ ಮುದ್ರೆಯ ಜೊತೆಗೆ ತೂಕ, ಬೆಸುಗೆಯ ನಾಜೂಕು, ಹಿಂಬದಿಯ ಅಂದ, ಪಿನ್ನಿನ ಕೀಲು ಎಲ್ಲವನ್ನೂ ಖಚಿತವಾಗಿ ಗುರುತಾದ ಒಡವೆಗಳೊಡನೆ ಹೋಲಿಸಬೇಕು. ಬೆಳ್ಳಿ ಅಸಲಿಯೆಂದು ಸಾಬೀತಾದರೆ ಕುಶಲಕರ್ಮಿಯ ಹೆಸರೂ ಸಾಬೀತಾದಂತಲ್ಲ.

ಕಪ್ಪನ್ನು ಉಜ್ಜುವ ಮೊದಲು

ಬೆಳ್ಳಿ ಕಪ್ಪಾಗುವುದು ಗಾಳಿಯ ಹೈಡ್ರೊಜನ್ ಸಲ್ಫೈಡಿನಿಂದ. ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡಿನ ಪದರ ಬೆಳೆದು ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು ಕಾಣುತ್ತದೆ. ಮೊಟ್ಟೆ, ಉಣ್ಣೆ, ರಬ್ಬರ್ ಇವೆಲ್ಲ ಗಂಧಕದ ಮೂಲಗಳು. ನಮ್ಮ ಮನೆಗಳಲ್ಲಿ ಬೆಳ್ಳಿ ದೀಪಗಳನ್ನು ವಿಭೂತಿಯಿಂದಲೋ ಹಲ್ಲುಪುಡಿಯಿಂದಲೋ ಉಜ್ಜಿ ಹೊಳೆಯಿಸುವ ರೂಢಿಯಿದೆ. ಪ್ರತಿ ಬಾರಿ ಉಜ್ಜಿದಾಗಲೂ ಸ್ವಲ್ಪ ಬೆಳ್ಳಿ ಸವೆದುಹೋಗುತ್ತದೆ, ಮುದ್ರೆಯೂ ಮಸುಕಾಗುತ್ತದೆ.

ಅಲ್ಯೂಮಿನಿಯಂ ಹಾಳೆ ಹಾಸಿದ ಪಾತ್ರೆಯಲ್ಲಿ ಬಿಸಿನೀರು, ಅಡುಗೆ ಸೋಡ ಹಾಕಿ, ಬೆಳ್ಳಿ ಹಾಳೆಗೆ ತಾಗುವಂತೆ ಇಟ್ಟರೆ ಕಪ್ಪು ಮಾಯವಾಗುತ್ತದೆ. ಬೆಳ್ಳಿಗಿಂತ ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ ಉತ್ಕರ್ಷಣಗೊಂಡು, ಸಲ್ಫೈಡಿನಲ್ಲಿದ್ದ ಬೆಳ್ಳಿಯನ್ನು ಲೋಹವಾಗಿ ಮರಳಿಸುತ್ತದೆ. ಸಾದಾ ಚಮಚದ ಮೇಲೆ ಇದು ಸೊಗಸಾದ ತರಗತಿ ಪ್ರಯೋಗ. ತಾಸ್ಕೊದ ಹಳೆಯ ಒಡವೆಗೆ ಮಾತ್ರ ಇದನ್ನು ಮಾಡಬೇಡಿ. ಅಲ್ಲಿನ ಕುಶಲಕರ್ಮಿಗಳು ಹಳ್ಳಗಳಲ್ಲಿ ನೆರಳಿನಂತೆ ಕಾಣಲೆಂದು ಗಂಧಕದ ಲವಣದಿಂದ ಬೇಕೆಂದೇ ಕಪ್ಪು ಬರಿಸುತ್ತಿದ್ದರು. ದ್ರಾವಣ ಈ ಕಪ್ಪಿಗೂ ಆ ಕಪ್ಪಿಗೂ ಭೇದ ಮಾಡದು. ಕ್ಯಾಲ್ಸೈಟ್, ಹಸಿರುನೀಲಿ ಟರ್ಕೋಯ್ಸ್ ಮೊದಲಾದ ಮೃದು ಕಲ್ಲುಗಳೂ ಕೆಡುತ್ತವೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ, ಗಾಳಿಯಾಡದ ಚೀಲದಲ್ಲಿ ಒಣಗಿದ ಸಿಲಿಕಾ ಜೆಲ್ ಜೊತೆ ಇಡುವುದು ಕ್ಷೇಮ.

2007ರ ಜುಲೈನಲ್ಲಿ ತಾಸ್ಕೊದ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ವರ್ಷಗಟ್ಟಲೆ ನಡೆಯಿತು. ಬೆಳ್ಳಿಯ ಊರಿನ ಅಕ್ಕಸಾಲಿಗರು ಬೇರೆಡೆಯ ಬೆಳ್ಳಿಯನ್ನು ನೆಚ್ಚಬೇಕಾಯಿತು. ಕೈಕೆಲಸ ಮಾತ್ರ ಅಲ್ಲೇ ಉಳಿದಿದೆ. ಯಾರಾದರೂ ಹಳೆಯ ಬೆಳ್ಳಿ ಒಡವೆಯನ್ನು ತೂಕಕ್ಕೆ ಹಾಕಲು ಹೊರಟಿದ್ದರೆ, ಅದು ಮೆಕ್ಸಿಕೋದ್ದಿರಲಿ ನಮ್ಮ ಅಜ್ಜಿಯ ಕಾಲದ್ದಿರಲಿ, ಮೊದಲು ಅದನ್ನು ತಿರುಗಿಸಿ ಹಿಂಬದಿಯನ್ನು ಮಸೂರದಲ್ಲಿ ನೋಡಲು ಹೇಳಿ. ಐದು ನಿಮಿಷದ ಆ ನೋಟ ಒಂದು ಒಡವೆಯನ್ನು ಉಳಿಸಬಹುದು.