ಕಾರ್ಕಳ ಪೇಟೆಯ ಹಳೆಯ ಅಂಗಡಿ ಕಟ್ಟಡಗಳು

2015ರಲ್ಲಿ ಕಾರ್ಕಳದ ಭಗವಾನ್ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕ ನಡೆದಾಗ ನಾನು ಸ್ವಯಂಸೇವಕನಾಗಿ ಯಾತ್ರಾರ್ಥಿಗಳಿಗೆ ದಾರಿ ತೋರಿಸುವ ಕೆಲಸದಲ್ಲಿದ್ದೆ. ಉತ್ತರದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಚತುರ್ಮುಖ ಬಸದಿ ನೋಡಿ ಇಳಿದು ಬಂದವರು ಒಂದು ಪ್ರಶ್ನೆ ಕೇಳಿದರು. "ಬಸದಿಗಳನ್ನು ನೋಡಿದೆವು. ಇವನ್ನು ಸಾಕಿದ ವ್ಯಾಪಾರಿಗಳ ಅಂಗಡಿಗಳೆಲ್ಲಿ?" ನನಗೆ ಉತ್ತರ ಹೊಳೆಯಲಿಲ್ಲ. ಹುಡುಗನಾಗಿದ್ದಾಗಿನಿಂದ ಪೇಟೆಯಲ್ಲೇ ಕುಳಿತವನು ನಾನು, ಆದರೂ ಹೀಗೆ ಯೋಚಿಸಿಯೇ ಇರಲಿಲ್ಲ. ಆಮೇಲೆ ನೋಡುತ್ತಾ, ಹಿರಿಯರಲ್ಲಿ ಕೇಳುತ್ತಾ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಊರಿನ ಹೆಸರುಗಳನ್ನೇ ಗಮನಿಸಿ. ನೇಮಿನಾಥ ಸ್ವಾಮಿಯ ಬಸದಿ, ಎತ್ತರದ ಮಾನಸ್ತಂಭ ಇರುವ ಜಾಗಕ್ಕೆ ನಾವು ಹಿರಿಯಂಗಡಿ ಎನ್ನುತ್ತೇವೆ. ಹಿರಿಯ ಅಂಗಡಿ, ಅಂದರೆ ದೊಡ್ಡ ಪೇಟೆ. ಇಂದು ಅಲ್ಲಿ ಹೋದರೆ ಬಸದಿ ಇದೆ, ಸ್ತಂಭ ಇದೆ, ಆ ಕಾಲದ ಅಂಗಡಿ ಒಂದೂ ಇಲ್ಲ. ಮೂಡಬಿದಿರೆಯ 18 ಬಸದಿಗಳಲ್ಲಿ ವಿಕ್ರಮ ಶೆಟ್ಟಿ ಬಸದಿ, ದೇರಮ್ಮ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ ಎಂದು ಶೆಟ್ಟರ ಹೆಸರು ಹೊತ್ತವು ಹಲವು ಇವೆ. ಆ ಶೆಟ್ಟರು ತಕ್ಕಡಿ ಹಿಡಿದು ಕುಳಿತ ಜಾಗ ಯಾವುದೆಂದು ತೋರಿಸುವವರಿಲ್ಲ. ಕಾರಣ ಸರಳ. ನಮ್ಮ ಹಿರಿಯರು ದೇವರಿಗೆ ಕಲ್ಲಿನಲ್ಲಿ ಕಟ್ಟಿದರು, ತಮಗೆ ಮಣ್ಣು, ಮರ, ಮುಳಿಹುಲ್ಲಿನಲ್ಲಿ ಕಟ್ಟಿಕೊಂಡರು. ಬಾಹುಬಲಿ ಸ್ವಾಮಿಯ 42 ಅಡಿಯ ವಿಗ್ರಹ 1432ರದ್ದು, ಚತುರ್ಮುಖ ಬಸದಿ 1586ರದ್ದು. ಪೇಟೆಯಲ್ಲಿ ನಾವು 'ಬಹಳ ಹಳೆಯದು' ಎನ್ನುವ ಅಂಗಡಿಗಳೆಲ್ಲ ಹಂಚಿನ ಕಾಲದವು. ಅದಕ್ಕೂ ಹಿಂದಿನದನ್ನು ಮಳೆ, ಒರಲೆ, ಬೆಂಕಿ ಸೇರಿ ತಿಂದು ಮುಗಿಸಿವೆ.

ಹಂಚಿನ ಕಾಲ ಎಂದರೆ ಯಾವಾಗ? ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. 1868ರಲ್ಲಿ ಅಲ್ಬುಕರ್ಕ್ ಅವರ ಕಾರ್ಖಾನೆ ಬಂತು. ಒಂದಕ್ಕೊಂದು ಕಚ್ಚಿ ಕೂರುವ ಈ ಹಂಚು 100 ಚದರಡಿ ಮಾಡಿಗೆ ಸುಮಾರು 150 ಬೇಕು. ಹುಲ್ಲಿನಂತೆ ವರ್ಷ ವರ್ಷ ಹೊದೆಸಬೇಕಿಲ್ಲ, ಬೆಂಕಿಯ ಹೆದರಿಕೆ ಕಡಿಮೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕಡೆ ಬಟ್ಟೆ, ಅಕ್ಕಿ, ಬೆಲ್ಲ, ಅಡಿಕೆ ಇಟ್ಟುಕೊಂಡು ವ್ಯಾಪಾರ ಮಾಡುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನು?

ಇಲ್ಲಿ ಒಂದು ತಪ್ಪು ತಿಳುವಳಿಕೆಯ ವಿಷಯ ಹೇಳಬೇಕು. ಹಂಚಿನ ಹಿಂದೆ 1865 ಎಂದು ಅಚ್ಚಿರುವುದನ್ನು ನೋಡಿ "ನಮ್ಮ ಕಟ್ಟಡ 1865ರದ್ದು" ಎನ್ನುವವರು ಬಹಳ ಮಂದಿ. ನಾನೂ ಹಾಗೆ ಹೇಳಿಕೊಂಡು ತಿರುಗಿದವನೇ. ಅದು ಕಾರ್ಖಾನೆ ಶುರುವಾದ ವರ್ಷ. ಹಂಚು ಸುಟ್ಟ ವರ್ಷವೂ ಅಲ್ಲ, ಕಟ್ಟಡ ಕಟ್ಟಿದ ವರ್ಷವೂ ಅಲ್ಲ. ಹಂಚಿನಲ್ಲಿ ಕಾಮನ್‌ವೆಲ್ತ್ ಎಂಬ ಹೆಸರಿದ್ದರೆ ಅದು ಮೊದಲ ಮಹಾಯುದ್ಧದ ಈಚಿನದು, ಏಕೆಂದರೆ ಯುದ್ಧದ ನಂತರವೇ ಮಿಷನ್‌ನವರ ಕಾರ್ಖಾನೆಗಳು ಆ ಸಂಸ್ಥೆಯ ಕೈಗೆ ಹೋದದ್ದು. ಅಷ್ಟಾದರೂ ಒಡೆದ ಹಂಚನ್ನು ಬದಲಿಸುತ್ತಲೇ ಇರುತ್ತೇವಾದ್ದರಿಂದ ಒಂದೇ ಮಾಡಿನಲ್ಲಿ ನಾಲ್ಕು ಕಾಲದ ಹಂಚು ಸಿಗುವುದುಂಟು. ಕಟ್ಟಡದ ವಯಸ್ಸು ತಿಳಿಯಲು ಹಳೆಯ ಪತ್ರ, ಬಾಡಿಗೆ ಚೀಟಿ, ತೀರ್ವೆ ರಶೀದಿಗಳೇ ಹೆಚ್ಚು ನಂಬಿಕೆಯವು. ಅವನ್ನು ಎಸೆಯಬೇಡಿ.

ಇನ್ನು ಕಟ್ಟಡದ ರಚನೆ. ಅಡಿಗೆ ಕರಿಕಲ್ಲಿನ ಪಂಚಾಂಗ, ಮೇಲೆ ಮುರಕಲ್ಲಿನ ಗೋಡೆ, ಅದಕ್ಕೆ ಚಿಪ್ಪಿನ ಸುಣ್ಣದ ಗಾರೆ. ಎದುರಿಗೆ ಜಗಲಿ. ಅಗಲ ಕಡಿಮೆ, ಉದ್ದ ಹೆಚ್ಚು. ಬೀದಿಯ ಬದಿಯ ಜಾಗಕ್ಕೆ ಬೆಲೆ ಹೆಚ್ಚಲ್ಲವೇ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಮುಖ ಸಿಗಲಿ ಎಂಬ ಲೆಕ್ಕ. ಮುಂದೆ ಅಂಗಡಿ, ಅದರ ಹಿಂದೆ ಉಗ್ರಾಣ, ಮತ್ತೆ ಚಿಕ್ಕ ಅಂಗಳ, ಬಾವಿ, ಕೊನೆಗೆ ಅಡುಗೆ ಮನೆ. ವಾಸ ಅಲ್ಲೇ, ಅಥವಾ ಉಪ್ಪರಿಗೆಯಲ್ಲಿ. ನಮ್ಮವರ ಅಂಗಡಿಗಳಿಗೆ ಇದು ಇನ್ನೊಂದು ಕಾರಣಕ್ಕೂ ಹೊಂದಿಕೆಯಾಗಿತ್ತು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕು, ಆದರೆ ಪೇಟೆಯಲ್ಲಿ ಗಿರಾಕಿ ಬರುವುದೇ ಸಂಜೆಗೆ. ಮಾವ ನನ್ನನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕೂರಿಸಿ ಒಳಗೆ ಹೋಗಿ ಉಂಡು ಹತ್ತು ನಿಮಿಷಕ್ಕೆ ವಾಪಸು ಬರುತ್ತಿದ್ದರು. ಈಗ ಮನೆ ಒಂದು ಕಡೆ, ಅಂಗಡಿ ಒಂದು ಕಡೆ. ಸಂಜೆಯ ಊಟ ಬುತ್ತಿಯಲ್ಲಿ ಬರುತ್ತದೆ.

ಉಗ್ರಾಣದ ಮೇಲೆ ಮರದ ಮುಚ್ಚಿಗೆ, ಅದರಲ್ಲಿ ಒಂದು ಚೌಕದ ಕಿಂಡಿ. 42 ಸೇರಿನ ಅಕ್ಕಿ ಮುಡಿಯನ್ನು ಹಗ್ಗ ಕಟ್ಟಿ ಅದರಿಂದ ಅಟ್ಟಕ್ಕೆ ಏರಿಸುತ್ತಿದ್ದರು. ನೆಲದ ತೇವ ತಾಗದಂತೆ, ಅಡುಗೆಯ ಹೊಗೆ ಸ್ವಲ್ಪ ತಾಗುವಂತೆ ಇಟ್ಟರೆ ಹುಳ ಬೀಳುವುದು ಕಡಿಮೆ. ಗೋಡೆಯ ತುದಿಗೂ ಮಾಡಿಗೂ ನಡುವೆ ಬಿಟ್ಟ ಸಂದಿಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಪಕ್ಕಾಸು, ರೀಪುಗಳು ತೇಗ, ಹಲಸು, ಬೋಗಿ ಮರದವು.

ಎದುರಿನ ಬಾಗಿಲು ಹಲಗೆಗಳದ್ದು. ಮೇಲೆ ಕೆಳಗೆ ಗಾಡಿಯಂತೆ ಕೊರೆದ ಪಟ್ಟಿಯಲ್ಲಿ ಹಲಗೆಗಳನ್ನು ಒಂದೊಂದಾಗಿ ಸೇರಿಸಬೇಕು. ಪ್ರತಿ ಹಲಗೆಗೂ ನಂಬರು, ಕೊನೆಯದಕ್ಕೆ ಬೀಗ. ಮಳೆಗಾಲದಲ್ಲಿ ಹಲಗೆ ಉಬ್ಬಿ ಜಾರುವುದಿಲ್ಲ, ಮೇಣ ಉಜ್ಜಬೇಕು. ಇಷ್ಟು ಕಷ್ಟ ಯಾಕೆ ಎಂದು ಹುಡುಗನಾಗಿದ್ದಾಗ ಕೇಳಿದ್ದಕ್ಕೆ ಮಾವ ಹೇಳಿದ್ದು, "ಹಲಗೆ ತೆಗೆದರೆ ಅಂಗಡಿಗೆ ಗೋಡೆಯೇ ಇಲ್ಲ ಮಗಾ, ಬೀದಿಯಲ್ಲಿ ಹೋಗುವವನು ಒಳಗೇ ಇದ್ದ ಹಾಗೆ." ಕಬ್ಬಿಣದ ಶಟರ್ ಬಂದ ಮೇಲೆ ನಾವೂ ಹಲಗೆ ತೆಗೆದೆವು. ಬೆಳಿಗ್ಗೆ ಇಪ್ಪತ್ತು ನಿಮಿಷ ಉಳಿಯಿತು. ಸುಳ್ಳು ಹೇಳಬಾರದು, ಆಗ ಸಂತೋಷವೇ ಆಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪೇಟೆಯ ಹಳೆಯ ಅಂಗಡಿಗಳು ಬಿಡಿ ಕಟ್ಟಡಗಳಲ್ಲ. ಎರಡು ಅಂಗಡಿಗಳ ನಡುವೆ ಇರುವುದು ಒಂದೇ ಪಾಲಿನ ಗೋಡೆ. ಎರಡೂ ಕಡೆಯ ಜಂತಿಗಳು ಅದರ ಮೇಲೆಯೇ ಕೂತಿರುತ್ತವೆ. ಹಾಗಾಗಿ ಸಾಲಿಗೆ ಸಾಲೇ ಕೈ ಹಿಡಿದುಕೊಂಡು ನಿಂತಿರುತ್ತದೆ. ಒಂದನ್ನು ಕೆಡವಿದಾಗ ಪಕ್ಕದವನ ಒಳಗೋಡೆ ಇದ್ದಕ್ಕಿದ್ದಂತೆ ಹೊರಗೋಡೆಯಾಗುತ್ತದೆ. ಅದಕ್ಕೆ ಮಾಡಿನ ಚಾಚು ಇಲ್ಲ, ಗಾರೆಯೂ ಸರಿಯಾಗಿ ಇರುವುದಿಲ್ಲ. ಒಂದು ಮಳೆಗಾಲ ನೇರ ನೀರು ಬಿದ್ದರೆ ಮುರಕಲ್ಲು ಹೀರಿಕೊಂಡು ಭಾರವಾಗುತ್ತದೆ, ಜಂತಿಯ ತುದಿ ಕೊಳೆಯುತ್ತದೆ. ನಮ್ಮ ಎಡಗಡೆಯ ಅಂಗಡಿ ಕೆಡವಿದ ವರ್ಷ ನಾವು ಗೋಡೆಗೆ ಮಡಲಿನ ತಟ್ಟಿ ಕಟ್ಟಿ, ಮೇಲೆ ಟಾರ್ಪಾಲು ಹೊದೆಸಿ ನಾಲ್ಕು ತಿಂಗಳು ಕಾದೆವು. ಹೊಸ ಕಟ್ಟಡ ಎದ್ದ ಮೇಲೆ ಅದರ ಟೆರೇಸಿನ ನೀರು ನಮ್ಮ ಮಾಡಿಗೇ ಬೀಳತೊಡಗಿತು. ಹೇಳಿ ಕೇಳಿ ಪೈಪು ಹಾಕಿಸಲು ಇನ್ನೆರಡು ಮಳೆ ಹೋಯಿತು. ಕೆಡವುವವರು ಪಕ್ಕದವರಿಗೆ ಬೇಸಗೆಯಲ್ಲೇ ತಿಳಿಸಿ, ಗೋಡೆಗೆ ಹೊದಿಕೆ ಮಾಡಿಕೊಟ್ಟು ಕೆಲಸ ಶುರುಮಾಡಿದರೆ ಅರ್ಧ ಜಗಳ ತಪ್ಪುತ್ತದೆ.

ನನ್ನದೇ ತಪ್ಪು ಒಂದಿದೆ. ಗೋಡೆಯ ಗಾರೆ ಉದುರುತ್ತಿದೆ ಎಂದು ಗುತ್ತಿಗೆದಾರರೊಬ್ಬರ ಮಾತು ಕೇಳಿ ಒಳಗೆ ಹೊರಗೆ ಸಿಮೆಂಟು ಬಳಿಸಿದೆ. ಎರಡು ವರ್ಷ ಚೆಂದ ಇತ್ತು. ಮೂರನೆಯ ಮಳೆಗೆ ಸಿಮೆಂಟು ಹಪ್ಪಳದ ಹಾಗೆ ಎದ್ದು, ಜೊತೆಗೆ ಮುರಕಲ್ಲಿನ ಮೇಲ್ಪದರವನ್ನೂ ಕಿತ್ತುಕೊಂಡು ಬಂತು. ಮುರಕಲ್ಲು ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ನೀರು ಒಳಗೇ ಸಿಕ್ಕಿಬಿದ್ದು ಕಲ್ಲನ್ನು ಪುಡಿ ಮಾಡುತ್ತದೆ. ಮತ್ತೆ ಸುಣ್ಣ ಅರೆಯಿಸಿ, ಬೆಲ್ಲದ ನೀರು ಸೇರಿಸಿ ಗಾರೆ ಮಾಡಿಸಲು ಗೊತ್ತಿರುವವರನ್ನು ಹುಡುಕಿದ್ದೇ ದೊಡ್ಡ ಕೆಲಸವಾಯಿತು. ಹಳೆಯ ಕಟ್ಟಡ ಇರುವವರು ಈ ಒಂದು ಮಾತನ್ನಾದರೂ ನೆನಪಿಡಿ.

ಇಷ್ಟೆಲ್ಲ ಗೊತ್ತಿದ್ದೂ ಇವು ಯಾಕೆ ಬೀಳುತ್ತಿವೆ? ಮಳೆಗಿಂತ ಹೆಚ್ಚಾಗಿ ಪಾಲಿನಿಂದ. ತುಳುನಾಡಿನ ಜೈನರಲ್ಲಿ ಅಳಿಯಸಂತಾನ ಪದ್ಧತಿ ಇದ್ದುದರಿಂದ ಆಸ್ತಿ ಕುಟುಂಬದ್ದು, ಬರುವುದು ತಾಯಿಯ ಕಡೆಯಿಂದ. ನಮ್ಮ ಅಂಗಡಿ ನನಗೆ ಸೋದರಮಾವನಿಂದ ಬಂದದ್ದೂ ಹಾಗೆಯೇ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ಬಳಿಕ ಪಾಲು ಕೇಳುವ ಹಕ್ಕು ಬಂತು. ಅದು ನ್ಯಾಯವೇ, ಆಕ್ಷೇಪವಿಲ್ಲ. ಆದರೆ ಹದಿನಾಲ್ಕು ಅಡಿ ಅಗಲದ ಅಂಗಡಿಯನ್ನು ಒಂಬತ್ತು ಮಂದಿಗೆ ಹಂಚುವುದು ಹೇಗೆ? ಮಾರಿ ಹಣ ಹಂಚಿಕೊಳ್ಳುವುದೇ ಸುಲಭ. ಇನ್ನು ಕೆಲವು ಮೂಲಗೇಣಿಯವು, ಕೆಲವು ಹಳೆಯ ಬಾಡಿಗೆಯವು. ಬರುವ ಬಾಡಿಗೆಯಲ್ಲಿ ಹಂಚು ಬದಲಿಸಲೂ ಆಗುವುದಿಲ್ಲ ಎಂದು ಮಾಲೀಕರು, ನಮ್ಮದಲ್ಲದ ಕಟ್ಟಡಕ್ಕೆ ನಾವೇಕೆ ಖರ್ಚು ಮಾಡಬೇಕು ಎಂದು ಬಾಡಿಗೆಯವರು. ಎರಡೂ ಸರಿ. ನಡುವೆ ಮಾಡು ಸೋರುತ್ತದೆ.

ಎಲ್ಲವನ್ನೂ ಉಳಿಸಲು ಆಗದು, ಉಳಿಸಬೇಕೆಂದು ಹಟ ಹಿಡಿಯುವವನೂ ನಾನಲ್ಲ. ವ್ಯಾಪಾರ ನಡೆಯದ ಅಂಗಡಿಯನ್ನು ಚೆಂದಕ್ಕೆ ಇಟ್ಟುಕೊಳ್ಳಲು ಯಾರಿಗೂ ಸಾಮರ್ಥ್ಯವಿಲ್ಲ. ಆದರೆ ಕೆಡವುವ ಮೊದಲು ಎದುರು, ಹಿಂದು, ಒಳಗೆ ಫೋಟೋ ತೆಗೆದಿಡಬಹುದು. ಉದ್ದ ಅಗಲ ಅಳೆದು ಒಂದು ಹಾಳೆಯಲ್ಲಿ ಬರೆದಿಡಬಹುದು. ಹಲಗೆ, ಕಂಬ, ತಕ್ಕಡಿ, ಕಡತಗಳನ್ನು ಗುಜರಿಗೆ ಹಾಕುವ ಬದಲು ಬಸದಿಯ ಆಡಳಿತದವರನ್ನೋ ಮಠವನ್ನೋ ಕೇಳಿ ನೋಡಬಹುದು. ಮೂಡಬಿದಿರೆಯ ಚೌಟರ ಅರಮನೆಯಲ್ಲಿ ನವನಾರಿ ಕುಂಜರ, ಪಂಚನಾರಿ ತುರಗದ ಮರದ ಕೆತ್ತನೆಗಳನ್ನು ನಾವಿಂದು ನೋಡಲು ಆಗುವುದು ಯಾರೋ ಅವನ್ನು ಒಲೆಗೆ ಹಾಕದೆ ಬಿಟ್ಟದ್ದರಿಂದ.

ನಮ್ಮ ಅಂಗಡಿಯ ಮಾತೂ ನಡೆಯುತ್ತಿದೆ. ಮುಂಬಯಿಯಲ್ಲಿರುವ ಅಣ್ಣನಿಗೆ ಮಾರುವ ಮನಸ್ಸು, ಅವರ ಮಕ್ಕಳ ಓದಿನ ಸಾಲ ಇದೆ, ತಪ್ಪು ಹೇಳುವಂತಿಲ್ಲ. ಅಕ್ಕ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. "ಈ ಮಳೆಗಾಲ ಕಳೆಯಲಿ" ಎಂದಿದ್ದಾರೆ. ಅದಕ್ಕಾಗಿ ಮೇ ತಿಂಗಳಲ್ಲಿ ಜನ ಹಚ್ಚಿ ಮಾಡಿನ ಹಂಚು ಪೂರ್ತಿ ಇಳಿಸಿ, ತೊಳೆದು, ಕೆಟ್ಟ ರೀಪು ತೆಗೆಸಿ ಮತ್ತೆ ಹೊದೆಸಿದೆ. ಅಟ್ಟದಲ್ಲಿ ಹಳೆಯ ಬಾಗಿಲ ಹಲಗೆಗಳು ಸಿಕ್ಕವು. ಹದಿಮೂರರಲ್ಲಿ ಹನ್ನೊಂದು ಗಟ್ಟಿ ಇವೆ. ಏಳು ಮತ್ತು ಎಂಟನೆಯ ನಂಬರಿನವನ್ನು ಮಾತ್ರ ಒರಲೆ ತಿಂದಿದೆ.